ಎಂಟು ತಂತಿಯ ಮೇಲೆ ಒಂದು ಹೆಬ್ಬೆರಳು

ಹಾಡುವವರಿಲ್ಲ. ಬೇಸ್ ಗಿಟಾರ್ ನುಡಿಸುವವರೂ ಇಲ್ಲ. ವೇದಿಕೆಯ ಮೇಲೆ ಮೂರೇ ಜನ: ಇಬ್ಬರ ಕೈಯಲ್ಲಿ ಗಿಟಾರ್, ಒಬ್ಬರ ಮುಂದೆ ಡ್ರಮ್ಸ್. ಆದರೆ ಕಣ್ಣು ಮುಚ್ಚಿ ಕೇಳಿದರೆ ಅಲ್ಲೊಂದು ದೊಡ್ಡ ಮೇಳವೇ ನೆರೆದಿದೆ! ಅಮೆರಿಕದ 'ಅನಿಮಲ್ಸ್ ಆ್ಯಸ್ ಲೀಡರ್ಸ್' ತಂಡವನ್ನು ಮೊದಲ ಸಲ ಕೇಳುವವರಿಗೆ ಏಳುವ ಮೊದಲ ಪ್ರಶ್ನೆ, ಕೆಳಗೆಲ್ಲೋ ಮೊರೆಯುವ ಆ ಮಂದ್ರದ ಗುಡುಗು ಯಾರದು?

ಅದೂ ಗಿಟಾರಿನದೇ! ಟೋಸಿನ್ ಅಬಾಸಿ, ಹಾವಿಯೆರ್ ರೇಯಸ್ ಇಬ್ಬರೂ ನುಡಿಸುವುದು ಎಂಟು ತಂತಿಯ ಗಿಟಾರು. ಎಲ್ಲರಿಗೂ ಗೊತ್ತಿರುವ ಆರು ತಂತಿಗಳ ಕೆಳಗೆ ಇನ್ನೆರಡು ದಪ್ಪ ತಂತಿ. ಅದರಲ್ಲೂ ಕಡೆಯ ತಂತಿಯನ್ನು ಹಲವು ರಚನೆಗಳಲ್ಲಿ ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಶ್ರುತಿಗೇ ಇಳಿಸಿಬಿಡುತ್ತಾರೆ. ಅಲ್ಲಿಗೆ ಬೇಸ್‌ನ ಕೆಲಸವೂ ಇದೇ ವಾದ್ಯದ ಪಾಲಿಗೆ ಬಂತು.

ಇನ್ನು ಬಲಗೈ. ಅದನ್ನು ನೋಡಲೇಬೇಕು! ಗಿಟಾರಿಗೆಂದೇ ಇರುವ ಪ್ಲೆಕ್ಟ್ರಮ್ ಎಷ್ಟೋ ಕಡೆ ಅಬಾಸಿಯ ಕೈಯಲ್ಲಿ ಇರುವುದೇ ಇಲ್ಲ. ಹೆಬ್ಬೆರಳು ತಂತಿಯನ್ನು ಗುದ್ದಿ ಕೆಳಗಿಳಿಯುತ್ತದೆ, ಅದೇ ಹೆಬ್ಬೆರಳು ಮೇಲೇಳುವಾಗ ಇನ್ನೊಮ್ಮೆ ಮೀಟುತ್ತದೆ, ತೋರುಬೆರಳು ಪಕ್ಕದ ತಂತಿಯನ್ನು ಚಿಮ್ಮಿಸುತ್ತದೆ, ಈ ಮೂರರ ಸಂದಿಯಲ್ಲಿ ಎಡಗೈ ಬೆರಳು ತಂತಿಯ ಮೇಲೆ ಬಡಿದು ತಾನೂ ಒಂದು ಸ್ವರ ಹುಟ್ಟಿಸುತ್ತದೆ. ನಾಲ್ಕು ಬಗೆಯ ಪೆಟ್ಟು, ನಾಲ್ಕು ಬಗೆಯ ನಾದ, ಕಣ್ಣೆವೆ ಮುಚ್ಚಿ ತೆಗೆಯುವಷ್ಟರಲ್ಲಿ! ಗಿಟಾರ್ ವಾದಕರು ಇದಕ್ಕೆ 'ಥಂಪಿಂಗ್' ಎನ್ನುತ್ತಾರೆ. ಬೇಸ್ ಲೋಕದ ಮಾಂತ್ರಿಕ ವಿಕ್ಟರ್ ವೂಟನ್ ಅವರ ಹೆಬ್ಬೆರಳಿನ ವರಸೆಯಿಂದ ಪ್ರೇರಣೆ ಪಡೆದ ಅಬಾಸಿ, ಅದನ್ನು ಎಂಟು ತಂತಿಗೆ ಹಬ್ಬಿಸಿದರು. 'ಫಿಸಿಕಲ್ ಎಜುಕೇಶನ್' ಅಥವಾ 'ದಿ ವೋವನ್ ವೆಬ್' ಕೇಳಿ. ತಂತಿವಾದ್ಯವೊಂದು ಚರ್ಮವಾದ್ಯದ ಹಾಗೆ ಮಾತಾಡತೊಡಗುವುದು ಗೊತ್ತಾಗುತ್ತದೆ.

ಇದೆಲ್ಲ ಆಗದೆಯೇ ಹೋಗಬಹುದಿತ್ತು ಎಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ನೈಜೀರಿಯಾ ಮೂಲದ ಕುಟುಂಬದ ಅಬಾಸಿ ಮೊದಲು ಇದ್ದದ್ದು 'ರಿಫ್ಲಕ್ಸ್' ಎಂಬ ಮೆಟಲ್ ತಂಡದಲ್ಲಿ. ಅವರ ಕೈಚಳಕ ಕಂಡ ಪ್ರಾಸ್ಥೆಟಿಕ್ ರೆಕಾರ್ಡ್ಸ್ ಸಂಸ್ಥೆ, ನಿನ್ನದೇ ಒಂದು ಆಲ್ಬಮ್ ಮಾಡು ಎಂದು ಕರೆಯಿತು. ಬೇಡವೆಂದರು! ಅಟ್ಲಾಂಟಾದ ಸಂಗೀತ ಶಾಲೆಯಲ್ಲಿ ಕೂತು ಕಲಿತು, ಆಮೇಲೆ ತಾವೇ ಆ ಬಾಗಿಲು ತಟ್ಟಿದರು. 2009ರಲ್ಲಿ ತಂಡದ ಹೆಸರಿನದೇ ಮೊದಲ ಆಲ್ಬಮ್ ಬಂತು. ತಂಡವೆಂದರೂ ಅದು ಬಹುಪಾಲು ಒಬ್ಬರದೇ ಕೆಲಸ. ಜೊತೆಗಿದ್ದವರು 'ಪೆರಿಫೆರಿ' ತಂಡದ ಮಿಶಾ ಮನ್ಸೂರ್. ಡ್ರಮ್ಸ್ ಕೂಡ ಅವರು ಕಂಪ್ಯೂಟರಿನಲ್ಲಿ ಹೆಣೆದದ್ದು. ಡೇನಿಯಲ್ ಕ್ವಿನ್ ಅವರ 'ಇಷ್ಮೇಲ್' ಕಾದಂಬರಿಯ ಪ್ರೇರಣೆಯಿಂದ ಹುಟ್ಟಿದ ಹೆಸರು ಹೊತ್ತ ಈ ಆಲ್ಬಮ್‌ನಲ್ಲಿ ಸ್ವರಗಳ ಜಡಿಮಳೆ. 'ಕಾಫೋ' ಶುರುವಾಗುವ ವೇಗಕ್ಕೆ ಉಸಿರು ಕಟ್ಟುತ್ತದೆ.

2011ರ 'ವೇಟ್‌ಲೆಸ್'ನಲ್ಲಿ ನವೀನ್ ಕೊಪರ್‌ವೈಸ್ ಡ್ರಮ್ಸ್ ನುಡಿಸಿದರು. ನನಗೆ ಅದು ದಾಟುಗಾಲದ ಆಲ್ಬಮ್ ಅನಿಸುತ್ತದೆ. ನಿಜವಾದ ತಿರುವು ಬಂದದ್ದು 2012ರಲ್ಲಿ, ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕಲಿತ ಮ್ಯಾಟ್ ಗಾರ್ಸ್ಟ್‌ಕಾ ಬಂದು ಡ್ರಮ್ಸ್ ಮುಂದೆ ಕೂತಾಗ. ಎರಡೇ ವರ್ಷಕ್ಕೆ 'ದಿ ಜಾಯ್ ಆಫ್ ಮೋಷನ್'. ಏನು ಲಯ, ಏನು ಲವಲವಿಕೆ! ಕಬ್ಬಿಣದಂತಿದ್ದ ಸಂಗೀತಕ್ಕೆ ಮೈಕೈ ಬಂತು. ಜಾಝ್ ಬಂತು, ಫಂಕ್ ಬಂತು, ರೇಯಸ್ ಅವರ ನೈಲಾನ್ ತಂತಿಯ ಗಿಟಾರಿನ ಮೂಲಕ ಲ್ಯಾಟಿನ್ ಅಮೆರಿಕದ ಬೆಚ್ಚನೆಯ ನಾದವೂ ಬಂತು.

ಇವರ ಲಯಕ್ಕೆ ನಮ್ಮ ಕಿವಿ ಅರ್ಧ ಸಿದ್ಧವಾಗಿಯೇ ಇದೆ ಎಂಬುದು ನನ್ನ ಬಲವಾದ ನಂಬಿಕೆ. ಗಾರ್ಸ್ಟ್‌ಕಾ ಅವರ ಒಂದು ಕೈ ಸಿಂಬಲ್ ಮೇಲೆ ನೆಟ್ಟಗೆ ನಾಲ್ಕು ಎಣಿಸುತ್ತಿರುತ್ತದೆ, ಕಾಲು ಗಿಟಾರಿನ ಜೊತೆ ಐದರ, ಏಳರ ಗುಂಪುಗಳಲ್ಲಿ ಓಡುತ್ತಿರುತ್ತದೆ. ಲೆಕ್ಕ ತಪ್ಪಿತು, ಇನ್ನು ಸೇರುವುದಿಲ್ಲ ಎಂದು ನಾವು ಕೈಚೆಲ್ಲುವ ಹೊತ್ತಿಗೆ ಎರಡೂ ಒಟ್ಟಿಗೆ ಬಂದು ಸಮಕ್ಕೆ ಬೀಳುತ್ತವೆ. ತನಿ ಆವರ್ತನದಲ್ಲಿ ಮೃದಂಗದವರು ಖಂಡ, ಮಿಶ್ರ ನಡೆಗಳಲ್ಲಿ ಸುತ್ತಾಡಿ ಮುಕ್ತಾಯಕ್ಕೆ ಬಂದು ನಿಂತಾಗ ಸಭೆ ತಲೆದೂಗುತ್ತದಲ್ಲ, ಅದೇ ಪುಳಕ! ಇವರು ಕರ್ನಾಟಕ ಸಂಗೀತದಿಂದ ಕಲಿತರೆಂದು ಹೇಳುತ್ತಿಲ್ಲ. ರಾಮನವಮಿಯ ಪೆಂಡಾಲಿನಲ್ಲಿ ಕೂತು ತೊಡೆ ತಟ್ಟುತ್ತಾ ತಾಳ ಹಿಡಿದವರಿಗೆ ಇದು ಪರಕೀಯವಾಗಿ ಕೇಳುವುದಿಲ್ಲ, ಅಷ್ಟೆ.

2016ರ 'ದಿ ಮ್ಯಾಡ್‌ನೆಸ್ ಆಫ್ ಮೆನಿ'ಯನ್ನು ಮೂವರೂ ಸೇರಿ ತಾವೇ ನಿರ್ಮಿಸಿದರು. ಆಮೇಲೆ ವರ್ಷಗಟ್ಟಲೆ ಹೊಸ ಆಲ್ಬಮ್ ಇಲ್ಲ. 2022ರ ಮಾರ್ಚಿನಲ್ಲಿ ಬಂದ 'ಪರ್ಹೇಸಿಯಾ'ದಲ್ಲಿ ಒಂಬತ್ತೇ ರಚನೆ. ಮೊದಲ ಆಲ್ಬಮ್‌ನ ಜಡಿಮಳೆ ಇಲ್ಲಿ ಹದಕ್ಕೆ ಬಂದಿದೆ. 'ಮೊನೊಮಿತ್'ನ ಆರ್ಭಟದ ನಡುವೆಯೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ, 'ಅಸಾಹಿ' ಪುಟ್ಟದಾಗಿ, ಮೆತ್ತಗೆ ಬಂದು ಹೋಗುತ್ತದೆ. ಎಲ್ಲವನ್ನೂ ನುಡಿಸಬಲ್ಲವರು ಎಲ್ಲಿ ನುಡಿಸಬಾರದೆಂದೂ ಕಲಿತಿದ್ದಾರೆ. ನನ್ನ ಮಟ್ಟಿಗೆ ಇವರ ಎಲ್ಲ ಸಾಹಸಗಳಲ್ಲಿ ದೊಡ್ಡದು ಇದೇ.

ಹೊಸಬರು ಕಾಲಕ್ರಮದಲ್ಲಿ ಕೇಳಲು ಹೋಗಬೇಡಿ. 'ದಿ ಜಾಯ್ ಆಫ್ ಮೋಷನ್'ನಿಂದ ಶುರು ಮಾಡಿ, ಅಲ್ಲಿಂದ 'ಪರ್ಹೇಸಿಯಾ'ಕ್ಕೆ ಬನ್ನಿ, ಕಿವಿ ಪಳಗಿದ ಮೇಲೆ 2009ಕ್ಕೆ ಹೋಗಿ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ದಯವಿಟ್ಟು ಬೇಡ. ಆ ಎಂಟನೇ ತಂತಿ ಅದರಲ್ಲಿ ಕೇಳುವುದೇ ಇಲ್ಲ.