ಅಜ್ಜಾ, ಮಗುವಿನ ತೂಕ ಎಷ್ಟು?

ಹೋದ ಮಳೆಗಾಲದ ಒಂದು ರಾತ್ರಿ ನನ್ನ ಮೊಮ್ಮಗನಿಗೆ ಮೈ ಕೆಂಡದಂತೆ ಕಾಯುತ್ತಿತ್ತು. ಮಗ ಊರಲ್ಲಿರಲಿಲ್ಲ. ಸೊಸೆಯೂ ನಾನೂ ಮಗುವನ್ನೆತ್ತಿಕೊಂಡು ಆಟೊದಲ್ಲಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡಿದೆವು. ನರ್ಸ್ ಕೇಳಿದ ಮೊದಲ ಪ್ರಶ್ನೆ, "ಅಜ್ಜಾ, ಮಗುವಿನ ತೂಕ ಎಷ್ಟು?"

"ಹದಿನೆಂಟು ಕಿಲೊ ಇರಬಹುದು" ಎಂದುಬಿಟ್ಟೆ. ಆಕೆ ಅದನ್ನು ಬರೆದುಕೊಳ್ಳಲಿಲ್ಲ. ಮಗುವನ್ನು ತೂಕದ ಯಂತ್ರದ ಮೇಲೆ ಕೂರಿಸಿದರು. 12 ಕಿಲೊ!

ಎರಡನೆಯ ಪ್ರಶ್ನೆ, "ಮನೆಯಲ್ಲಿ ಏನು ಔಷಧ ಕೊಟ್ಟಿರಿ?" "ಒಂಬತ್ತೂವರೆಗೆ ಜ್ವರದ ಸಿರಪ್ ಕೊಟ್ಟೆ" ಎಂದಳು ಸೊಸೆ. ನನ್ನ ಗಂಟಲು ಒಣಗಿತು. ಅವಳು ಅಡುಗೆಮನೆಯಲ್ಲಿದ್ದಾಗ, ಎಂಟು ಗಂಟೆಗೆ, ಅದೇ ಸಿರಪ್ಪನ್ನು ನಾನೂ ಒಂದು ಚಮಚ ಕುಡಿಸಿದ್ದೆ; ಹೇಳಲು ಮರೆತಿದ್ದೆ. ನಾಚಿಕೆಯಾದರೂ ಬಾಯಿ ಬಿಟ್ಟೆ. "ಮಾವ, ನನಗೊಂದು ಮಾತು ಹೇಳಬಾರದಿತ್ತೇ?" ಎಂದಳು. ವೈದ್ಯರು ಲೆಕ್ಕ ಹಾಕಿ, "ಸದ್ಯ ಅಪಾಯವಿಲ್ಲ. ಆದರೆ ಈಗ ಮತ್ತೆ ಅದನ್ನು ಕೊಡುವುದು ಬೇಡ" ಎಂದರು. ನಾನು ಸುಮ್ಮನಿದ್ದಿದ್ದರೆ?

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಆಯುಷ್ಯ ಸವೆಸಿದವನು ನಾನು. ಅಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿಯೇ ಪಾಸ್ ಮಾಡಬೇಕು. ಸೊನ್ನೆ ತಪ್ಪಿದರೆ ಸಂಜೆ ಲೆಕ್ಕ ಟ್ಯಾಲಿಯಾಗುವುದಿಲ್ಲ, ಹುಡುಕಿ ತಿದ್ದಬಹುದು. ಮಗುವಿನ ಹೊಟ್ಟೆಗೆ ಹೋದ ಔಷಧವನ್ನು ತಿದ್ದುವುದು ಹೇಗೆ?

ಮಕ್ಕಳಿಗೆ ಹೆಚ್ಚಿನ ಔಷಧಗಳನ್ನು ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ಜ್ವರದ ಪ್ಯಾರಸಿಟಮಾಲ್ ಒಂದು ಸಲಕ್ಕೆ ಕಿಲೊಗೆ 10ರಿಂದ 15 ಮಿಲಿಗ್ರಾಂ. 15ರ ಲೆಕ್ಕದಲ್ಲಿ 12 ಕಿಲೊ ಮಗುವಿಗೆ 180 ಮಿಲಿಗ್ರಾಂ. ನಾನು ಹೇಳಿದ 18 ಕಿಲೊಗೆ 270. ಅಂದರೆ ಒಂದೂವರೆ ಪಟ್ಟು! ದಶಮಾಂಶದ ಚುಕ್ಕೆ ಬಿಟ್ಟುಹೋಗಿ 2.5 ಎಂಬುದು 25 ಆದರೆ ಹತ್ತು ಪಟ್ಟು. ತೂಕ ನೋಡಲೂ ಪುರುಸೊತ್ತಿಲ್ಲದ ಗಳಿಗೆಗೆಂದೇ ಅಮೆರಿಕದ ವೈದ್ಯ ಜೇಮ್ಸ್ ಬ್ರೋಸ್ಲೋ 1980ರ ದಶಕದಲ್ಲಿ ಬಣ್ಣದ ಪಟ್ಟಿಗಳಿರುವ ಟೇಪ್ ರೂಪಿಸಿದರು. ಮಗುವಿನ ಉದ್ದ ಅಳೆದರೆ ತೂಕದ ಅಂದಾಜೂ ಔಷಧದ ಪ್ರಮಾಣವೂ ಅದರಲ್ಲೇ ಸಿಗುತ್ತವೆ.

ಸೀಸೆಗಳೂ ಒಂದೇ ಥರ ಇರುವುದಿಲ್ಲ. ನಮ್ಮಲ್ಲಿ ಸಿಗುವ ಪ್ಯಾರಸಿಟಮಾಲ್ ಸಿರಪ್ 5 ಮಿ.ಲೀ.ಗೆ 125 ಮಿಲಿಗ್ರಾಂ ಇರಬಹುದು, 250 ಇರಬಹುದು. ಹಸುಗೂಸುಗಳ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪೆಂದು ಡ್ರಾಪ್ಸನ್ನು ಚಮಚದಲ್ಲಿ ಹಾಕಿದರೆ ಗತಿಯೇನು? ಅದಕ್ಕೇ ಅಡುಗೆಮನೆಯ ಚಮಚ ಬೇಡ. ಸೀಸೆಯ ಜೊತೆ ಬರುವ ಅಳತೆಯೇ ಇರಲಿ.

2025ರ ಸೆಪ್ಟೆಂಬರ್ 17ರ ವಿಶ್ವ ರೋಗಿ ಸುರಕ್ಷತಾ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರಿಸಿಕೊಂಡದ್ದು ನವಜಾತ ಶಿಶುಗಳ ಮತ್ತು ಮಕ್ಕಳ ಸುರಕ್ಷಿತ ಆರೈಕೆಯನ್ನೇ. ಅದರಲ್ಲಿ ನಮ್ಮ ಪಾಲೂ ಇದೆ. ಆಸ್ಪತ್ರೆಗೆ ಹೊರಡುವಾಗ ಕೊಟ್ಟ ಔಷಧದ ಸೀಸೆಯನ್ನೇ ಒಯ್ಯಿರಿ. ಯಾವ ಔಷಧ ಒಗ್ಗುವುದಿಲ್ಲ ಎಂಬುದನ್ನು ಕೇಳುವ ಮೊದಲೇ ಹೇಳಿ. ಸೂಜಿ ಚುಚ್ಚುವ ಮುನ್ನ "ಇದು ಯಾವ ಔಷಧ, ಎಷ್ಟು?" ಎಂದು ವಿನಯದಿಂದ ಕೇಳಿ, ಕೇಳುವುದು ಜಗಳವಲ್ಲ. ಎತ್ತರದ ಮಂಚದ ಮೇಲೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮಗು ಮಂಕಾದರೆ, ಉಸಿರಾಟ ಬದಲಾದರೆ, ಸರದಿ ಬರಲೆಂದು ಕಾಯದೆ ತಕ್ಷಣ ನರ್ಸನ್ನು ಕರೆಯಿರಿ.

ನಮ್ಮ ಫ್ರಿಜ್ಜಿನ ಬಾಗಿಲಿಗೆ ಈಗ ಒಂದು ಹಾಳೆ ಅಂಟಿಸಿದ್ದೇವೆ: ತಾರೀಕು, ಗಂಟೆ, ಔಷಧ, ಪ್ರಮಾಣ, ಕೊಟ್ಟವರ ಹೆಸರು. ಕೊಟ್ಟವರು ಸಹಿ ಹಾಕಲೇಬೇಕು. "ಮನೆಯನ್ನೂ ಬ್ಯಾಂಕ್ ಮಾಡಿದಿರಲ್ಲ ಮಾವ!" ಎಂದು ಸೊಸೆ ನಗುತ್ತಾಳೆ. ಆದರೆ ತಪ್ಪದೆ ಬರೆಯುತ್ತಾಳೆ. ಮೊಮ್ಮಗನ ತೂಕ ತಿಂಗಳಿಗೊಮ್ಮೆ ನನ್ನ ಜೇಬಿನ ಪುಸ್ತಕಕ್ಕೆ ಏರುತ್ತದೆ. ಈ ತಿಂಗಳು 13 ಕಿಲೊ 200 ಗ್ರಾಂ. ನಿಮ್ಮ ಮನೆಯ ಮಗುವಿನದು ಎಷ್ಟು?