ಹೆಣ್ಣಾಳಿನ ಕೂಲಿ, ತಂದೆಯ ರಜೆ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟ ಬಸ್ಸು ಕಮಲಾಪುರವನ್ನು ಮುಟ್ಟುವಾಗ ಅಲ್ಲಿನ ಹೆಸರುವಾಸಿ ಕೆಂಪು ಬಾಳೆಯ ಗೊನೆಗಳು ಪಯಣಿಗನ ಕಣ್ಣು ಸೆಳೆಯುತ್ತವೆ. ಆದರೆ ಆ ತೋಟಗಳಲ್ಲಿಯೂ ಸುತ್ತಣ ತೊಗರಿಯ ಹೊಲಗಳಲ್ಲಿಯೂ ದುಡಿಯುವ ಹೆಣ್ಣಿನ ದಿನಚರಿ ಯಾರ ಕಣ್ಣಿಗೂ ಬೀಳದು. ಕೋಳಿ ಕೂಗುವ ಮುನ್ನ ಎದ್ದು, ನೀರು ತಂದು, ರೊಟ್ಟಿ ಬಡಿದು, ಕೂಸಿಗೆ ಹಾಲೂಡಿಸಿ ಅವಳು ಹೊಲ ಸೇರುತ್ತಾಳೆ. ಸಂಜೆ ಕೈಗೆ ಬರುವುದು ‘ಹೆಣ್ಣಾಳಿನ ಕೂಲಿ’, ಗಂಡಾಳಿನದಕ್ಕಿಂತ ಕಡಿಮೆ. ಇದು ಈ ಸೀಮೆಯ ಹಳೆಯ ರೂಢಿ.

ಕಾನೂನು ಸುಮ್ಮನೆ ಕುಳಿತಿಲ್ಲ. ಸಮಾನ ದುಡಿಮೆಗೆ ಸಮಾನ ವೇತನವೆಂಬುದು ಸಂವಿಧಾನದ 39ನೆಯ ವಿಧಿಯ ಆಶಯ. 1976ರ ಸಮಾನ ವೇತನ ಕಾಯಿದೆ ಅದಕ್ಕೆ ಬಲ ಕೊಟ್ಟಿತು. 2019ರ ವೇತನ ಸಂಹಿತೆ ಆ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. 2005ರ ಉದ್ಯೋಗ ಖಾತರಿ ಕಾಯಿದೆಯ ಕೆಲಸಗಳಲ್ಲಿ ಇಬ್ಬರಿಗೂ ಒಂದೇ ದರ ದೊರೆಯಿತು. ಹಾಗಿದ್ದೂ ಹೊಲದ ರೂಢಿ ಅಳಿಯಲಿಲ್ಲವೇಕೆ? ‘ಗಂಡಾಳಿನದು ಭಾರದ ಕೆಲಸ’ ಎಂಬುದು ಸಿದ್ಧ ಉತ್ತರ. ದಿನವಿಡೀ ಬಗ್ಗಿ ಕಳೆ ಕೀಳುವ ಬೆನ್ನಿನ ಭಾರವನ್ನು ತೂಗಿದವರಾರು?

ಇನ್ನೊಂದು ಕಾರಣ ಮನೆಯೊಳಗೇ ಅಡಗಿದೆ. 2019ರ ರಾಷ್ಟ್ರೀಯ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗುವ ಹೆಣ್ಣು ಅದಕ್ಕೆ ದಿನಕ್ಕೆ 299 ನಿಮಿಷ ಸವೆಸಿದರೆ, ತೊಡಗುವ ಗಂಡು ಸವೆಸುವುದು 97 ನಿಮಿಷ. ಸಿರಿವಂತ ದೇಶಗಳಲ್ಲಿಯೂ ವೇತನದ ಅಂತರ ಹಿಗ್ಗುವುದು ಮೊದಲ ಮಗು ಹುಟ್ಟಿದ ಬಳಿಕವೇ ಎಂಬುದನ್ನು 2023ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ತೋರಿಸಿಕೊಟ್ಟರು.

ಕಲಬುರಗಿ ನಗರದ ಪಗಾರದ ನೌಕರಿಯಲ್ಲಿಯೂ ಗಂಟು ಇದೇ. 2017ರ ತಿದ್ದುಪಡಿ ತಾಯಿಯ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ತಂದೆಗೆ? ಸರ್ಕಾರಿ ನೌಕರನಾದರೆ 15 ದಿನ; ಖಾಸಗಿ ನೌಕರಿಯಲ್ಲಿ ಕೊಡಲೇಬೇಕೆಂಬ ಕಾನೂನಿಲ್ಲ. ರಜೆಯೆಲ್ಲವೂ ಹೆಂಗಸಿನ ಹೆಸರಿನಲ್ಲೇ ಇರುವಾಗ ಧಣಿ ಅವಳನ್ನು ನೇಮಿಸಲು ಹಿಂಜರಿಯುತ್ತಾನೆ. ಕೂಸಿಗೆ ಜ್ವರ ಬಂದಾಗ ಒಂದು ಗಂಟೆ ಮುಂಚೆ ಮನೆಗೆ ಹೊರಟ ತಂದೆಯಾದರೋ ಜೊತೆಗಾರರ ನಗೆಗೆ ಈಡಾಗುತ್ತಾನೆ!

ಐಸ್‌ಲೆಂಡ್ ಈ ಗಂಟನ್ನು ಬಿಚ್ಚಲು ಯತ್ನಿಸಿತು. ಅಲ್ಲಿನ 2000ನೆಯ ಇಸವಿಯ ಕಾಯಿದೆ ತಂದೆಗೆಂದೇ ಮೂರು ತಿಂಗಳನ್ನು ಮೀಸಲಿಟ್ಟಿತು. ಅವನು ಬಳಸದಿದ್ದರೆ ಅದು ತಾಯಿಗೂ ಸಲ್ಲುತ್ತಿರಲಿಲ್ಲ. ನಮ್ಮ ರಾಜ್ಯವೂ 2023ರಲ್ಲಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಆರಂಭಿಸಿ ದುಡಿಯುವ ತಾಯಿಯ ಹೊರೆಯನ್ನು ತುಸು ಇಳಿಸಿತು. ತಂದೆಯ ಹೆಗಲು ಇನ್ನೂ ಒಡ್ಡಬೇಕಾಗಿದೆ.

ಹುಮನಾಬಾದಿನಾಚೆಯ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಿರುಗಿಸಿ ಬರುವಂತೆ ಕಳುಹಿದವಳು ಆಯ್ದಕ್ಕಿ ಲಕ್ಕಮ್ಮ. ಕಾಯಕದ ಅಳತೆಯನ್ನು ಹೆಂಡತಿಯಿಂದ ಕಲಿತ ನಾಡಿಗೆ ಕೂಲಿಯ ಅಳತೆಯನ್ನು ಸರಿಪಡಿಸುವುದು ಅಷ್ಟೊಂದು ಕಠಿಣವೇ?