ಕರ್ನಾಟಕದ ಜನವರ್ಗಗಳು: ಹೆಸರು, ಪಟ್ಟಿ ಮತ್ತು ಎಣಿಕೆ

ಕನ್ನಡದಲ್ಲಿ ‘ಜನಾಂಗ’ ಎಂಬ ಪದವು ಕನಿಷ್ಠ ಮೂರು ಅರ್ಥಗಳಲ್ಲಿ ಬಳಕೆಯಲ್ಲಿದೆ. ದೇಹಲಕ್ಷಣಗಳ ಆಧಾರದಿಂದ ಕಲ್ಪಿಸಲಾದ ಮಾನವ ವರ್ಗ ಎಂಬುದು ಒಂದು. ಭಾಷೆ, ಆಚರಣೆ, ನೆನಪುಗಳನ್ನು ಹಂಚಿಕೊಂಡ ಸಮುದಾಯ ಎಂಬುದು ಎರಡನೆಯದು. ಜಾತಿ ಎಂಬುದಕ್ಕೆ ಗೌರವದ ಪರ್ಯಾಯ ಪದ ಎಂಬುದು ಮೂರನೆಯದು. ಕರ್ನಾಟಕದ ಜನಸಂಖ್ಯೆಯ ರಚನೆಯನ್ನು ಕುರಿತ ಬರಹಗಳಲ್ಲಿ ಈ ಮೂರೂ ಅರ್ಥಗಳು ಒಂದರೊಳಗೊಂದು ಬೆರೆತಿರುವುದನ್ನು ಕಾಣಬಹುದು. ಇವುಗಳ ಜೊತೆಗೆ ಸರ್ಕಾರಿ ಪಟ್ಟಿಯಲ್ಲಿ ದಾಖಲಾದ ಹೆಸರು ಎಂಬ ನಾಲ್ಕನೆಯ ಅರ್ಥವೂ ಸೇರಿಕೊಂಡಿದೆ. ನಮ್ಮ ಜನಸಂಖ್ಯಾ ಕೋಷ್ಟಕಗಳಲ್ಲಿ ಕಾಣುವ ಅಂಕಿಗಳು ಬಹುಮಟ್ಟಿಗೆ ಈ ನಾಲ್ಕನೆಯ ಅರ್ಥಕ್ಕೆ ಸೇರಿದವು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಅಳತೆಯ ಕಾಲ

1901ರ ಜನಗಣತಿಯ ಮುಖ್ಯಸ್ಥರಾಗಿದ್ದ ಎಚ್.ಎಚ್. ರಿಸ್ಲೆ ಅವರು ಮೂಗಿನ ಉದ್ದಗಲ, ತಲೆಯ ಆಕಾರ ಮೊದಲಾದ ಅಳತೆಗಳ ಮೇಲೆ ಭಾರತೀಯರನ್ನು ಏಳು ಮಾದರಿಗಳಾಗಿ ವಿಂಗಡಿಸಿದರು. ಈ ವಿಂಗಡಣೆಯಲ್ಲಿ ಕೊಡವರು ಮರಾಠಿ ಬ್ರಾಹ್ಮಣರು ಹಾಗೂ ಕುಣಬಿಗಳೊಂದಿಗೆ ‘ಸಿಥೋ-ದ್ರಾವಿಡ’ ಎಂಬ ಮಾದರಿಗೆ ಸೇರಿದರು. ಕೊಡವ ಭಾಷೆಯು ದ್ರಾವಿಡ ಭಾಷಾವರ್ಗಕ್ಕೆ ಸೇರಿದ್ದರೂ, ಕೊಡವರಲ್ಲಿ ಸಿಥಿಯನ್ನರ ನೆನಪು ಯಾವುದೂ ಇಲ್ಲದಿದ್ದರೂ, ಅಳತೆಯೊಂದೇ ಈ ತೀರ್ಮಾನಕ್ಕೆ ಸಾಕಾಯಿತು. 1931ರ ಜನಗಣತಿಯ ಸಂದರ್ಭದಲ್ಲಿ ಬಿ.ಎಸ್. ಗುಹಾ ಅವರು ಹೊಸ ಅಳತೆಗಳನ್ನು ಕೈಗೊಂಡು ರಿಸ್ಲೆಯವರ ವಿಂಗಡಣೆಯ ಬದಲಿಗೆ ಆರು ವರ್ಗಗಳ ಮತ್ತೊಂದು ವಿಂಗಡಣೆಯನ್ನು ಮುಂದಿಟ್ಟರು. ಒಂದು ತಲೆಮಾರಿನೊಳಗೆ ವರ್ಗಗಳ ಹೆಸರೂ ಸಂಖ್ಯೆಯೂ ಬದಲಾದವು. ಜನರು ಮಾತ್ರ ಇದ್ದಲ್ಲಿಯೇ ಇದ್ದರು.

ಇಂದಿನ ತಳಿವಿಜ್ಞಾನವು ಇಂತಹ ಗಡಿಗೆರೆಗಳನ್ನು ಸಮರ್ಥಿಸುವುದಿಲ್ಲ. 2009ರಲ್ಲಿ ಪ್ರಕಟವಾದ ಡೇವಿಡ್ ರೈಖ್, ಕೆ. ತಂಗರಾಜ್ ಮೊದಲಾದವರ ಅಧ್ಯಯನವು ಭಾರತದ ಬಹುತೇಕ ಸಮುದಾಯಗಳು ಎರಡು ಪ್ರಾಚೀನ ಮೂಲಗಳ ಬೇರೆ ಬೇರೆ ಪ್ರಮಾಣದ ಮಿಶ್ರಣಗಳೆಂದು ತೋರಿಸಿತು. 2013ರ ಮುಂದುವರಿದ ಅಧ್ಯಯನದ ಪ್ರಕಾರ ಈ ಮಿಶ್ರಣವು ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ವ್ಯಾಪಕವಾಗಿ ನಡೆದಿತ್ತು. ಅನಂತರ ಒಳವಿವಾಹ ಪದ್ಧತಿ ಬಿಗಿಯಾಯಿತು. ಅಂದರೆ ಸಮುದಾಯಗಳ ನಡುವಣ ಭೇದವನ್ನು ಗಟ್ಟಿಗೊಳಿಸಿದ್ದು ಬಹುಪಾಲು ಸಾಮಾಜಿಕ ಕಟ್ಟಳೆ.

2. ಐದು ಆಡಳಿತಗಳು, ಐದು ಪಟ್ಟಿಗಳು

1956ರ ನವೆಂಬರ್ 1ರಂದು ಏಕೀಕರಣಗೊಂಡ ರಾಜ್ಯವು ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು ಮತ್ತು ಕೊಡಗು ಎಂಬ ಐದು ಆಡಳಿತಗಳ ಪ್ರದೇಶಗಳನ್ನು ಒಳಗೊಂಡಿತು. ಈ ಪ್ರದೇಶಗಳ ಸಮುದಾಯಗಳನ್ನು ವಿವರಿಸಿದ ಗ್ರಂಥಗಳೂ ಬೇರೆ ಬೇರೆಯಾಗಿದ್ದವು. ಮೈಸೂರಿಗೆ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಸಂಪುಟಗಳು (1928–35), ಮದರಾಸು ಪ್ರಾಂತಕ್ಕೆ ಥರ್ಸ್ಟನ್ ಅವರ ಏಳು ಸಂಪುಟಗಳು (1909), ಮುಂಬಯಿ ಪ್ರಾಂತಕ್ಕೆ ಎಂಥೋವನ್ ಅವರ ಸಂಪುಟಗಳು (1920–22), ಹೈದರಾಬಾದಿಗೆ ಸಯ್ಯದ್ ಸಿರಾಜ್ ಉಲ್ ಹಸನ್ ಅವರ ಗ್ರಂಥ (1920) ಆಧಾರಗಳಾಗಿದ್ದವು. ಪರಿಶಿಷ್ಟ ಪಂಗಡಗಳ ಪಟ್ಟಿಯೂ ಹೀಗೆಯೇ ಪ್ರದೇಶವಾರು ಪಟ್ಟಿಗಳ ಜೋಡಣೆಯಾಯಿತು.

ಈ ಹೊಲಿಗೆಯ ಗುರುತುಗಳು ಇಂದಿಗೂ ಪಟ್ಟಿಯಲ್ಲಿ ಉಳಿದಿವೆ. ಮರಾಠರು ಕೊಡಗಿನಲ್ಲಿ ಮಾತ್ರ, ಮರಾಟಿಗರು ದಕ್ಷಿಣ ಕನ್ನಡದಲ್ಲಿ ಮಾತ್ರ, ಕಣಿಯನ್ನರು ಕೊಳ್ಳೇಗಾಲ ತಾಲ್ಲೂಕಿನಲ್ಲಿ ಮಾತ್ರ ಪರಿಶಿಷ್ಟ ಪಂಗಡದವರು. ಕೊಳ್ಳೇಗಾಲವು 1956ಕ್ಕೆ ಮೊದಲು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಎಂಬುದನ್ನು ನೆನೆದರೆ ಈ ನಮೂದಿನ ಹಿನ್ನೆಲೆ ಸ್ಪಷ್ಟವಾಗುತ್ತದೆ.

3. ನಾಯಕ ಎಂಬ ನಮೂದು

ಮುಂಬಯಿ ಪ್ರಾಂತದಿಂದ ಬಂದ ‘ನಾಯ್ಕಡ’ ಎಂಬ ನಮೂದು ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹವಾದುದು. ಅದರೊಳಗೆ ಚೋಳಿವಾಲ ನಾಯಕ, ಕಪಾಡಿಯ ನಾಯಕ, ಮೋಟಾ ನಾಯಕ, ನಾನಾ ನಾಯಕ ಎಂಬ ಹೆಸರುಗಳಿವೆ. ಮೋಟಾ ಎಂದರೆ ಗುಜರಾತಿಯಲ್ಲಿ ದೊಡ್ಡದು, ನಾನಾ ಎಂದರೆ ಚಿಕ್ಕದು. ಮೂಲತಃ ಗುಜರಾತಿನ ಬುಡಕಟ್ಟೊಂದನ್ನು ಸೂಚಿಸುತ್ತಿದ್ದ ಈ ನಮೂದಿನಲ್ಲಿ ‘ನಾಯಕ’ ಎಂಬ ಪದವೂ ಇತ್ತು. ಇತ್ತ ಚಿತ್ರದುರ್ಗ, ಸುರಪುರ ಮೊದಲಾದೆಡೆ ಪಾಳೆಯಗಾರಿಕೆಯ ಇತಿಹಾಸವುಳ್ಳ ಬೇಡ ಸಮುದಾಯವೂ ತನ್ನನ್ನು ನಾಯಕ ಎಂದೇ ಕರೆದುಕೊಳ್ಳುತ್ತಿತ್ತು.

1976ರ ತಿದ್ದುಪಡಿ ಕಾಯಿದೆಯು ಬಹುತೇಕ ಪ್ರಾದೇಶಿಕ ನಿರ್ಬಂಧಗಳನ್ನು ತೆಗೆದುಹಾಕಿದಾಗ ಈ ನಮೂದು ರಾಜ್ಯವ್ಯಾಪಿಯಾಯಿತು. ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. 1971ರಲ್ಲಿ 2,31,268ರಷ್ಟಿದ್ದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 1981ರಲ್ಲಿ 18,25,203 ಆಯಿತು. ಹತ್ತೇ ವರ್ಷಗಳಲ್ಲಿ ಸುಮಾರು ಎಂಟು ಪಟ್ಟು. ಅದೇ ಅವಧಿಯಲ್ಲಿ ರಾಜ್ಯದ ಒಟ್ಟು ಜನಸಂಖ್ಯೆ ಬೆಳೆದದ್ದು ಶೇ. 27ಕ್ಕಿಂತ ತುಸು ಕಡಿಮೆ. 1991ರಲ್ಲಿ ಬೇಡ, ಬೇಡರ್, ವಾಲ್ಮೀಕಿ, ನಾಯಕ್ ಎಂಬ ಹೆಸರುಗಳು ಪಟ್ಟಿಗೆ ಸ್ಪಷ್ಟವಾಗಿ ಸೇರಿದ ಮೇಲೆ 19,15,691 ಇದ್ದ ಸಂಖ್ಯೆ 2001ರ ವೇಳೆಗೆ 34,63,986ಕ್ಕೇರಿತು. ಇವು ಹುಟ್ಟು ಸಾವುಗಳಿಂದ ಆದ ಬದಲಾವಣೆಗಳಲ್ಲ, ಹೆಸರಿನಿಂದ ಆದವು. ಬೇಡ ಸಮುದಾಯದ ಅರ್ಹತೆಯನ್ನು ಪ್ರಶ್ನಿಸುವುದು ಇಲ್ಲಿನ ಉದ್ದೇಶವಲ್ಲ. 1971 ಮತ್ತು 1981ರ ಅಂಕಿಗಳನ್ನು ಒಂದೇ ಜನವರ್ಗದ ಬೆಳವಣಿಗೆಯೆಂದು ಓದುವುದು ತಪ್ಪು ಎಂಬುದಷ್ಟೇ ಇಲ್ಲಿನ ವಾದ.

4. ಮೊತ್ತದೊಳಗೆ ಮರೆಯಾಗುವವರು

2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6,10,95,297. ಪರಿಶಿಷ್ಟ ಪಂಗಡದವರು 42,48,987, ಅಂದರೆ ಶೇ. 6.95. ಇವರಲ್ಲಿ ಮುಕ್ಕಾಲು ಭಾಗಕ್ಕೂ ಅಧಿಕ ಜನರು ನಾಯಕ ನಮೂದಿಗೆ ಸೇರಿದವರು. ಕಾಡಿನ ಅಂಚಿನಲ್ಲಿ ಬದುಕುವ ಜೇನುಕುರುಬರು ಸುಮಾರು 36 ಸಾವಿರ, ಕರಾವಳಿಯ ಕೊರಗರು ಸುಮಾರು 15 ಸಾವಿರ. ಈ ಎರಡು ಸಮುದಾಯಗಳನ್ನು ಕೇಂದ್ರ ಸರ್ಕಾರವು ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳೆಂದು ಗುರುತಿಸಿದೆ. ಕೊರಗರನ್ನು ಅವಮಾನಕ್ಕೀಡುಮಾಡುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ‘ಪರಿಶಿಷ್ಟ ಪಂಗಡಗಳ ಸಾಕ್ಷರತೆ’ ಅಥವಾ ‘ಪರಿಶಿಷ್ಟ ಪಂಗಡಗಳ ಭೂಹಿಡುವಳಿ’ ಎಂದು ಒಂದೇ ಸರಾಸರಿಯನ್ನು ಕೊಟ್ಟಾಗ ಇಂತಹ ಸಣ್ಣ ಸಮುದಾಯಗಳ ಸ್ಥಿತಿ ಅದರಲ್ಲಿ ಕಾಣುವುದೇ ಇಲ್ಲ.

ಹೆಸರು ತಪ್ಪಿದಾಗ ಆಗುವ ನಷ್ಟಕ್ಕೆ ಬೆಟ್ಟಕುರುಬರು ನಿದರ್ಶನ. ಪಟ್ಟಿಯಲ್ಲಿ ಇದ್ದದ್ದು ‘ಕಾಡುಕುರುಬ’ ಎಂಬ ಹೆಸರು. ಜನರು ತಮ್ಮನ್ನು ಕರೆದುಕೊಳ್ಳುತ್ತಿದ್ದುದು ಬೆಟ್ಟಕುರುಬರೆಂದು. ಈ ಎರಡನ್ನೂ ಸಮಾನಾರ್ಥಕವೆಂದು ಕಾನೂನು ಒಪ್ಪಿದ್ದು 2023ರಲ್ಲಿ.

ಸಿದ್ದಿಯರ ನಿದರ್ಶನ ಮತ್ತಷ್ಟು ಬೋಧಪ್ರದವಾದುದು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದು, ಅನಂತರ ಘಟ್ಟದ ಕಾಡುಗಳಲ್ಲಿ ನೆಲೆಸಿದವರ ವಂಶಜರು ಇವರಲ್ಲಿದ್ದಾರೆ. 2011ರಲ್ಲಿ ಪ್ರಕಟವಾದ ತಳಿ ಅಧ್ಯಯನವು ಇವರ ಆಫ್ರಿಕದ ಮೂಲವನ್ನೂ ಸ್ಥಳೀಯರೊಂದಿಗಿನ ಬೆರಕೆಯನ್ನೂ ದೃಢಪಡಿಸಿತು. ಆದರೆ ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಕೊಂಕಣಿ, ಕನ್ನಡ, ಮರಾಠಿಗಳನ್ನು ಆಡುತ್ತಾರೆ. ಭಾಷೆಯ ಕೋಷ್ಟಕದಲ್ಲಾಗಲಿ ಧರ್ಮದ ಕೋಷ್ಟಕದಲ್ಲಾಗಲಿ ಸಿದ್ದಿಯರು ಒಂದು ಸಮುದಾಯವಾಗಿ ಕಾಣಿಸುವಂತಿಲ್ಲ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಗೆ ಸೀಮಿತವಾಗಿ ಇವರ ಹೆಸರು ಪಟ್ಟಿಗೆ ಸೇರಿತು. ಹಳಿಯಾಳದ ಸಿದ್ದಿ ಪರಿಶಿಷ್ಟನಾದರೆ, ನೆರೆಯ ಕಲಘಟಗಿಯಲ್ಲಿರುವ ಅವನ ಬಂಧು ಪರಿಶಿಷ್ಟನಾಗಲಿಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರಿಗೆ ಈ ಮಾನ್ಯತೆ ದೊರೆಯಲು 2020ರವರೆಗೆ ಕಾಯಬೇಕಾಯಿತು. 2001ರ ಪಂಗಡಗಳ ಕೋಷ್ಟಕದಲ್ಲಿ ಸಿದ್ದಿಯರಿಲ್ಲ, 2011ರದರಲ್ಲಿ ಒಂದು ಜಿಲ್ಲೆಯವರು ಮಾತ್ರ ಇದ್ದಾರೆ. ಇದು ಜನರ ಇರವನ್ನಲ್ಲ, ಪಟ್ಟಿಯ ಚರಿತ್ರೆಯನ್ನು ಹೇಳುತ್ತದೆ.

5. ಉಪಸಂಹಾರ

ಮುಂದಿನ ಜನಗಣತಿಯಲ್ಲಿ ಜಾತಿಯ ಎಣಿಕೆಯನ್ನೂ ಸೇರಿಸಲು ಕೇಂದ್ರ ಸರ್ಕಾರವು 2025ರಲ್ಲಿ ತೀರ್ಮಾನಿಸಿತು. 1931ರ ಅನಂತರ ಎಲ್ಲ ಜಾತಿಗಳ ವಿವರವನ್ನು ಪ್ರಕಟಿಸಿದ ಜನಗಣತಿ ನಡೆದಿಲ್ಲವಾದ್ದರಿಂದ ಇದರ ಅಂಕಿಗಳು ಬಹುಕಾಲ ಬಳಕೆಯಲ್ಲಿರುತ್ತವೆ. ಆ ಅಂಕಿಗಳನ್ನು ಬಳಸುವ ಸಂಶೋಧಕರು ಮೂರು ಸಂಗತಿಗಳನ್ನು ಪಾಲಿಸುವುದು ಅವಶ್ಯಕ. ನಮೂದಾದ ಹೆಸರು ಯಾವ ಹಳೆಯ ಆಡಳಿತದ ಪಟ್ಟಿಯಿಂದ ಬಂದಿತೆಂಬುದನ್ನು ಮೊದಲು ಪರಿಶೀಲಿಸಬೇಕು. ಎರಡು ಗಣತಿಗಳ ನಡುವೆ ಪಟ್ಟಿ ತಿದ್ದುಪಡಿಯಾಗಿದ್ದರೆ ಅವುಗಳ ಅಂಕಿಗಳನ್ನು ನೇರವಾಗಿ ಹೋಲಿಸಬಾರದು. ಸಣ್ಣ ಸಮುದಾಯಗಳ ಸ್ಥಿತಿಗತಿಗಳನ್ನು ಒಟ್ಟು ಮೊತ್ತದಿಂದ ಬೇರ್ಪಡಿಸಿಯೇ ನೋಡಬೇಕು. ಶಾಲೆಯ ಪ್ರವೇಶ, ಅರಣ್ಯಭೂಮಿಯ ಹಕ್ಕು, ಉದ್ಯೋಗದ ಅರ್ಜಿ ಇವೆಲ್ಲವೂ ಇಂದು ಒಂದು ಹೆಸರಿನ ಕಾಗುಣಿತವನ್ನು ಅವಲಂಬಿಸಿರುವಾಗ, ಆ ಹೆಸರಿನ ಚರಿತ್ರೆಯನ್ನು ಶೋಧಿಸುವುದು ವಿದ್ವತ್ತಿನ ಕುತೂಹಲಕ್ಕಷ್ಟೇ ಸೀಮಿತವಾದ ಕೆಲಸವಲ್ಲ.